ಸಣ್ಣ ಭಟ್ಟರ ಏಕಾದಶಿ

"ಪುಣ್ಯವಂತರು, ಏಕಾದಶಿಯ ದಿನವೇ ಹೋದರು" ಎಂದು ಅವರ ಸಾವಿಗೆ ಬಂದವರೆಲ್ಲ ಹೇಳಿದರು. ಊರಿನಿಂದ ಫೋನು ಮಾಡಿದವರೂ ಅದನ್ನೇ ಹೇಳಿದರು. ಹಾಗೆ ಹೇಳಿದ ಒಬ್ಬರ ಮೇಲೂ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ವೈಕುಂಠದ ಬಾಗಿಲು ಆವತ್ತು ತೆರೆದಿತ್ತೋ ಇಲ್ಲವೋ, ನಾನು ಕಂಡವನಲ್ಲ. ನಾನು ಕಂಡದ್ದು ಕೋಲ್ಕತ್ತದ ಜಾದವ್‌ಪುರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಒಳಗಿನ ಒಲೆಯ ಕಡೆಗೆ ಕುತ್ತಿಗೆ ಚಾಚಿಕೊಂಡೇ ಆಯುಷ್ಯ ಕಳೆದ ಒಬ್ಬ ಮನುಷ್ಯನನ್ನು. ಆ ಮನುಷ್ಯನ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಪುಣ್ಯದ ಮಾತೇ ಕೊನೆಯ ಮಾತಾಗಿಬಿಡುತ್ತದೆ.

ಹೋಟೆಲು ಅಣ್ಣನದು. ಅಣ್ಣ ದೊಡ್ಡ ಭಟ್ಟರು, ಇವರು ಸಣ್ಣ ಭಟ್ಟರು. ವಿಶ್ವವಿದ್ಯಾಲಯದ ಬಂಗಾಳಿ ಹುಡುಗರ ಬಾಯಲ್ಲಿ ಚಿಕ್ಕಣ್ಣ ಎಂಬ ಅರ್ಥದ ಛೋಟ್‌ದಾ. ನಿಜವಾದ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದಾರೆ, ಮೂರ್ಛೆರೋಗದ ಮನೆತನ ಎಂದು ಯಾರಾದರೂ ಬೆರಳು ತೋರಿಸಿಯಾರು ಎಂಬ ಹೆದರಿಕೆ ಇನ್ನೂ ಇದೆ. ನಾನು ಧಾರವಾಡದ ಕಡೆಯವನು. ಕೇಂದ್ರ ಸರ್ಕಾರದ ಒಂದು ಕಚೇರಿಗೆ ವರ್ಗವಾಗಿ ಬಂದು, ಮತ್ತೆ ಹೋಗದೆ ಇಲ್ಲೇ ಉಳಿದೆ. ಬೆಳಗಿನ ತಿಂಡಿ, ಸಂಜೆಯ ಕಾಫಿ ಎರಡೂ ಅಲ್ಲೇ ಆಗುತ್ತಿತ್ತು. ನನ್ನ ಕನ್ನಡ ಕೇಳಿದರೆ ಸಣ್ಣ ಭಟ್ಟರಿಗೆ ನಗು, ಅವರ ಕನ್ನಡ ಕೇಳಿದರೆ ನನಗೆ ನಗು. ನಮ್ಮ ಸ್ನೇಹ ಶುರುವಾದದ್ದೇ ಹಾಗೆ.

ಆ ಮನೆತನದಲ್ಲಿ ಗಂಡಸಾಗಿ ಹುಟ್ಟಿದವರೆಲ್ಲ ಸೌಟು ಹಿಡಿದವರು. ಅಜ್ಜ ಅಡುಗೆ, ಅಪ್ಪ ಅಡುಗೆ, ಅಣ್ಣ ಅಡುಗೆ. ಇವರೊಬ್ಬರಿಗೆ ಮಾತ್ರ ಬೆಂಕಿಯ ಹತ್ತಿರ ಹೋಗುವ ಹಾಗಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಒಂದು ಮದುವೆಯ ಅಡುಗೆಯಲ್ಲಿ ಸಾರಿನ ಕೊಪ್ಪರಿಗೆಯ ಪಕ್ಕ ನಿಂತಿದ್ದಾಗಲೇ ಫಿಟ್ಸ್ ಬಂದು, ಎಡಗೈ ಮೊಣಕೈವರೆಗೆ ಬೆಂದುಹೋಗಿತ್ತು. ಅವತ್ತಿನಿಂದ ಒಲೆ ಬಂದ್. ನೀರೂ ಹಾಗೆಯೇ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವಂತಿಲ್ಲ. ದಕ್ಷಿಣೇಶ್ವರಕ್ಕೆ ಹೋದಾಗ ಊರಿಗೆ ಊರೇ ಗಂಗೆಯಲ್ಲಿ ಮುಳುಗಿ ಏಳುತ್ತಿದ್ದರೆ ಇವರು ಮೆಟ್ಟಿಲ ಮೇಲೆ ಕೂರಬೇಕು, ಅಣ್ಣ ಚೊಂಬಿನಲ್ಲಿ ನೀರು ತಂದು ತಲೆಗೆ ಹೊಯ್ಯಬೇಕು. "ನನ್ನದು ಮಗುವಿನ ಸ್ನಾನ ಮಾರಾಯ್ರೆ" ಎಂದು ಅಲ್ಲೇ ಕೂತು ನಗುತ್ತಿದ್ದರು. ಅಣ್ಣ ನಗುತ್ತಿರಲಿಲ್ಲ.

ಫಿಟ್ಸ್ ಎಂದರೆ ಪ್ರತಿಸಲವೂ ಬಿದ್ದು ಒದ್ದಾಡುವುದಲ್ಲ. ಹೆಚ್ಚಿನ ಸಲ ಮಾತಾಡುತ್ತಿದ್ದವರು ಹಾಗೇ ನಿಂತುಬಿಡುತ್ತಿದ್ದರು. ಕಣ್ಣು ತೆರೆದೇ ಇರುತ್ತಿತ್ತು, ಆದರೆ ಒಳಗೆ ಯಾರೂ ಇರುತ್ತಿರಲಿಲ್ಲ. ಬೆರಳು ಅಂಗಿಯ ಗುಂಡಿಯನ್ನು ತಡಕುತ್ತಿತ್ತು. ತುಟಿಯನ್ನು ಚಪ್ಪರಿಸುತ್ತಿದ್ದರು, ಸಾರಿಗೆ ಉಪ್ಪು ಸಾಕೇ ಎಂದು ನೋಡುವವರ ಹಾಗೆ. ಮೊದಲ ಸಲ ಕಂಡಾಗ ಏನೋ ರುಚಿ ನೋಡುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಸ್ವಲ್ಪ ಹೊತ್ತಿಗೆ ವಾಪಸು ಬಂದು, ಎದುರಿಗಿದ್ದವರ ಮುಖ ನೋಡಿಯೇ ಏನಾಯಿತೆಂದು ತಿಳಿದುಕೊಂಡು, "ಲೋಡ್‌ಶೆಡಿಂಗ್" ಎನ್ನುತ್ತಿದ್ದರು. ಬಂಗಾಳಿ ಹುಡುಗರಿಗೆ ಆ ಒಂದು ಶಬ್ದ ಸಾಕಾಗಿತ್ತು.

ದೊಡ್ಡ ಫಿಟ್ಸ್ ಅಪರೂಪ, ಆದರೆ ಬಂದರೆ ಜನ ಸೇರುತ್ತಿದ್ದರು. ಒಮ್ಮೆ ಊಟಕ್ಕೆ ಬಂದ ಗಿರಾಕಿಯೊಬ್ಬ, "ಮೃಗಿ! ಮೃಗಿ!" ಎಂದು ಕೂಗುತ್ತ ತನ್ನ ಚಪ್ಪಲಿ ಬಿಚ್ಚಿ ಮೂಸಿಸಲು ಹೋದ. ಮೂರ್ಛೆಗೆ ಇಲ್ಲಿ ಹೇಳುವ ಹೆಸರು ಅದು, ಚಪ್ಪಲಿ ಮೂಸಿಸುವುದು ನಮ್ಮ ಕಡೆಯೂ ಇದ್ದದ್ದೇ. ಒಲೆಯ ಬಳಿಯಿಂದ ಸೌಟಿನ ಸಮೇತ ಓಡಿ ಬಂದ ದೊಡ್ಡ ಭಟ್ಟರನ್ನು ನಾನು ಹಿಡಿದುಕೊಳ್ಳದಿದ್ದರೆ ಆ ಗಿರಾಕಿಯನ್ನೂ ಆಸ್ಪತ್ರೆಗೆ ಸೇರಿಸಬೇಕಾಗುತ್ತಿತ್ತು. ಎಚ್ಚರವಾದ ಮೇಲೆ ಸಣ್ಣ ಭಟ್ಟರು ಕೇಳಿದ್ದು ಒಂದೇ: "ಚರ್ಮದ್ದಾ, ರಬ್ಬರಿನದ್ದಾ?"

ನಗಿಸುತ್ತಿದ್ದರು, ನಿಜ. ಆದರೆ ನಗಿಸುವ ಮನುಷ್ಯ ಒಳಗೂ ನಗುತ್ತಿದ್ದಾನೆ ಎಂದು ತಿಳಿಯುವುದು ನಮ್ಮ ದಡ್ಡತನ. ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಗಾಳಿ ಮೂಸಿ, "ಸಾರಿಗೆ ಇಂಗು ಬೀಳ್ಲಿಲ್ಲ!" ಎಂದು ಒಳಗೆ ಕೂಗುತ್ತಿದ್ದರು. ಬಹಳ ಸಲ ಅದು ತಪ್ಪಾಗಿರುತ್ತಿತ್ತು. ಇಂಗು ಬಿದ್ದೇ ಇರುತ್ತಿತ್ತು. ಒಳಗಿನ ಒಡಿಶಾದ ಅಡುಗೆಯವನು ಹಣೆ ಚಚ್ಚಿಕೊಳ್ಳುತ್ತಿದ್ದ. ಆದರೂ ಮಾರನೆಯ ದಿನ ಮತ್ತೆ ಕೂಗು. ಒಲೆಗೂ ತನಗೂ ಇದ್ದ ಸಂಬಂಧವನ್ನು ಅಷ್ಟಾದರೂ ಉಳಿಸಿಕೊಳ್ಳುವ ಪಾಡು ಅದು ಎಂದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಒಲೆಯಷ್ಟೇ ಅವರನ್ನು ಕೊರೆಯುತ್ತಿದ್ದದ್ದು ಏಕಾದಶಿ. ಅವರದು ಕಟ್ಟಾ ಮಾಧ್ವರ ಮನೆ. ದಶಮಿಗೆ ಒಂದೇ ಊಟ, ಏಕಾದಶಿಗೆ ತೊಟ್ಟು ನೀರೂ ಇಲ್ಲ, ದ್ವಾದಶಿಯ ಬೆಳಿಗ್ಗೆ ಪಾರಣೆ. ಮಕ್ಕಳಿಗೆ, ಮುದುಕರಿಗೆ, ಬಸುರಿಯರಿಗೆ, ರೋಗಿಗಳಿಗೆ ವಿನಾಯಿತಿ. ಡಾಕ್ಟರು ಹೊಟ್ಟೆ ಖಾಲಿ ಬಿಡಬಾರದು, ಮಾತ್ರೆ ತಪ್ಪಿಸಬಾರದು ಎಂದಿದ್ದರಿಂದ ಆವತ್ತು ಇವರಿಗೆ ಅತ್ತಿಗೆ ಅವಲಕ್ಕಿ ಕಲಸಿಕೊಡುತ್ತಿದ್ದರು. ಮನೆಯ ಮಕ್ಕಳ ಪಕ್ಕದಲ್ಲಿ ಕೂತು ತಿನ್ನಬೇಕು. "ಮೊನ್ನೆ ಏನಾಯ್ತು ಗೊತ್ತುಂಟಾ? ಅಣ್ಣನ ಸಣ್ಣ ಮಗಳು, ನಾನು ಈ ಸಲದಿಂದ ಏಕಾದಶಿ ಮಾಡ್ತೇನೆ ಅಂತ ಎದ್ದುಹೋಯ್ತು. ಅವಲಕ್ಕಿಯ ಪಂಕ್ತಿಯಲ್ಲಿ ಈಗ ನಾನೊಬ್ಬನೇ" ಎಂದು ಒಂದು ಸಂಜೆ ಹೇಳಿದರು. ಹೇಳಿ ನಗಲಿಲ್ಲ. ನಾನು ಕಾಫಿ ಲೋಟದೊಳಗೆ ನೋಡುತ್ತ ಕೂತೆ.

ಮಾತ್ರೆಗಳ ಮೇಲೆ ಮಾತ್ರೆ ಬದಲಾದವು, ಫಿಟ್ಸ್ ನಿಲ್ಲಲಿಲ್ಲ. ಕೊನೆಗೆ ಒಬ್ಬ ನರರೋಗದ ಡಾಕ್ಟರ ಬಳಿ ಹೋದಾಗ ಮಾತು ತಿಳಿಸಿ ಹೇಳಲು ನನ್ನನ್ನೂ ಕರೆದೊಯ್ದರು. ಡಾಕ್ಟರು ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಬಲಗಿವಿಯ ನೇರಕ್ಕೆ ಒಳಗೆ ಒಂದು ಕಲೆ ತೋರಿಸಿದರು. ಮಗುವಾಗಿದ್ದಾಗ ಜ್ವರ ಬಂದು ಆದದ್ದಿರಬಹುದು, ಫಿಟ್ಸ್ ಹುಟ್ಟುವುದು ಅಲ್ಲಿಂದ, ಅದನ್ನು ತೆಗೆಯಬೇಕು ಎಂದರು. ತಲೆಬುರುಡೆ ತೆರೆಯುವ ಮಾತು ಕೇಳಿ ದೊಡ್ಡ ಭಟ್ಟರು ಎದ್ದೇ ನಿಂತರು. ಆಗ ಡಾಕ್ಟರು ಲೇಸರಿನ ಮಾತು ತೆಗೆದರು. ಬುರುಡೆ ತೆರೆಯುವುದಿಲ್ಲ. ಹಿಂದಲೆಯಲ್ಲಿ ಒಂದು ಸಣ್ಣ ತೂತು. ಅದರೊಳಗಿನಿಂದ ಶಾವಿಗೆಯ ಎಳೆಯಂಥ ಒಂದು ತಂತಿಯನ್ನು ಆ ಕಲೆಯವರೆಗೆ ಇಳಿಸುತ್ತಾರೆ. ತುದಿಯಲ್ಲಿ ಲೇಸರಿನ ಬೆಳಕು ಬಿಟ್ಟು ಕಲೆಯಷ್ಟನ್ನೇ ಕಾಯಿಸಿ ಸಾಯಿಸುತ್ತಾರೆ. ಸ್ಕ್ಯಾನಿನಲ್ಲೇ ಮಲಗಿಸಿ ಮಾಡುವುದರಿಂದ ಕಾವು ಎಷ್ಟು ಹಬ್ಬಿತೆಂದು ಪರದೆಯ ಮೇಲೆ ಕಾಣುತ್ತಿರುತ್ತದೆ, ಸಾಕೆನಿಸಿದಲ್ಲಿ ನಿಲ್ಲಿಸುತ್ತಾರೆ. ಇಷ್ಟನ್ನು ನಾನು ಕನ್ನಡಕ್ಕೆ ತಂದು ಹೇಳುವಷ್ಟರಲ್ಲಿ ಬೆವತುಹೋಗಿದ್ದೆ.

ಸಣ್ಣ ಭಟ್ಟರಿಗೆ ನನಗಿಂತ ಬೇಗ ತಿಳಿಯಿತು. "ತೆಂಗಿನಕಾಯಿ ಒಡೆಯುದಿಲ್ಲ ಅಣ್ಣ. ಅದರ ಕಣ್ಣಿಗೆ ಕಡ್ಡಿ ಚುಚ್ಚುದು, ಅಷ್ಟೇ" ಎಂದು ಅಣ್ಣನನ್ನು ಕೂರಿಸಿದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನ್ನ ಕಿವಿಯಲ್ಲಿ ಹೇಳಿದರು: "ಇಷ್ಟು ವರ್ಷ ನನ್ನನ್ನು ಬೆಂಕಿಯ ಹತ್ರ ಬಿಡ್ಲಿಲ್ಲ ಮಾರಾಯ್ರೆ. ಈಗ ಬೆಂಕಿಯನ್ನೇ ನನ್ನ ಮಂಡೆಯೊಳಗೆ ಬಿಡ್ತಾರಂತೆ."

ಆಪರೇಶನ್ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಾಯಿತು. ನಾನು ಹೋಗಿರಲಿಲ್ಲ. ಹೋಗುವ ಮುಂಚೆ ದೊಡ್ಡ ಭಟ್ಟರಿಗೆ ಇದ್ದ ದೊಡ್ಡ ಚಿಂತೆ ಜುಟ್ಟಿನದು. ತೂತು ಮಾಡುವ ಜಾಗವೂ ಜುಟ್ಟಿನ ಜಾಗವೂ ಹತ್ತಿರ ಹತ್ತಿರ. ಅಲ್ಲಿ ನರ್ಸಿನ ಕೈಕಾಲು ಹಿಡಿದು ಜುಟ್ಟು ಉಳಿಸಿಕೊಂಡು ಬಂದರಂತೆ. ವಾಪಸು ಬಂದವರೇ ಸಣ್ಣ ಭಟ್ಟರು ಹೋಟೆಲಿನ ಮಧ್ಯೆ ನಿಂತು ಹಿಂದಲೆ ತಿರುಗಿಸಿ ತೋರಿಸಿದರು. ಬೆರಳಿನ ಉಗುರಿನಷ್ಟು ಜಾಗ ಬೋಳಿಸಿ, ಒಂದು ಹೊಲಿಗೆ ಹಾಕಿದ್ದರು. ಹುಡುಗರೆಲ್ಲ ಸಾಲಾಗಿ ಬಂದು ನೋಡಿದರು. "ಇಷ್ಟೇನಾ?" ಎಂದು ಒಬ್ಬ ಬೇಸರಪಟ್ಟುಕೊಂಡ.

ಫಿಟ್ಸ್ ನಿಂತಿತು. ಒಂದು ಹಬ್ಬ ಕಳೆಯಿತು, ಎರಡು ಹಬ್ಬ ಕಳೆಯಿತು, ದುರ್ಗಾಪೂಜೆಯ ಗದ್ದಲ, ದೀಪಾವಳಿಯ ಪಟಾಕಿ ಯಾವುದಕ್ಕೂ ಬರಲಿಲ್ಲ. ಮಾತಿನ ನಡುವೆ ಅವರು ಮಾಯವಾಗುವುದು ನಿಂತಿತು. ಮಾತ್ರೆಗಳನ್ನು ಮಾತ್ರ ವರ್ಷಗಟ್ಟಲೆ ನಿಲ್ಲಿಸುವ ಹಾಗಿಲ್ಲ, ಕಡಿಮೆ ಮಾಡುವುದಾದರೆ ನಾವೇ ಹೇಳುತ್ತೇವೆ ಎಂದು ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು. ವಾರದ ಒಂದೊಂದು ದಿನಕ್ಕೂ ಬೆಳಗಿನದೊಂದು, ರಾತ್ರಿಯದೊಂದು ಗೂಡಿರುವ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಆಸ್ಪತ್ರೆಯಲ್ಲಿ ಕೊಟ್ಟಿದ್ದರು.

ಅಣ್ಣ ಕೊನೆಗೆ ಒಲೆ ಬಿಟ್ಟುಕೊಟ್ಟ ದಿನ ನಾನು ಅಲ್ಲಿದ್ದೆ. ಸಣ್ಣ ಭಟ್ಟರು ಮಿಂದು, ಪಂಚೆ ಕಟ್ಟಿ, ಗ್ಯಾಸ್ ಹಚ್ಚಿ, ಉರಿಯನ್ನೇ ನೋಡುತ್ತ ನಿಂತುಬಿಟ್ಟರು. ಫಿಟ್ಸ್ ಬಂತೋ ಎಂದು ನಾವೆಲ್ಲ ಹೆದರಿದೆವು. ಬಂದಿರಲಿಲ್ಲ, ಅಳುತ್ತಿದ್ದರು. ಆ ಗಡಿಬಿಡಿಯಲ್ಲಿ ಒಗ್ಗರಣೆ ಸೀದುಹೋಯಿತು. ಸೀದ ಸಾರನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಆಮೇಲೆ ಕೈ ಕುದುರಿತು ಎನ್ನೋಣ. ನಿಜ ಹೇಳಬೇಕೆಂದರೆ ಅವರ ಅಡುಗೆ ಸಾಧಾರಣ. ಅಣ್ಣನ ಕೈರುಚಿ ಅವರಿಗೆ ಬರಲೇ ಇಲ್ಲ. ಅದರಿಂದ ಅವರ ಸಂಭ್ರಮಕ್ಕೆ ಕೂದಲಷ್ಟೂ ಕುಂದಾಗಲಿಲ್ಲ. ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದು, "ಹೇಗುಂಟು?" ಎಂದು ಒಬ್ಬೊಬ್ಬರನ್ನೂ ಪೀಡಿಸುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಈಗ ಅತ್ತಿಗೆ ಕೂರುತ್ತಿದ್ದರು.

ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪು ಬೇಕೆಂದು ತರಕಾರಿ ಮಾರುವ ಮಾಶಿಯೊಡನೆ ಜಗಳಕ್ಕೆ ಬಿದ್ದದ್ದೂ ಆ ದಿನಗಳಲ್ಲೇ. ಬಂಗಾಳದಲ್ಲಿ ಅಗಸೆಯ ಹೂವನ್ನು ಬಜ್ಜಿ ಮಾಡಿ ತಿನ್ನುತ್ತಾರೆ, ಎಲೆಯನ್ನು ಕೇಳುವವರಿಲ್ಲ. "ಎಲೆ ಹಸು ತಿನ್ನುತ್ತೆ, ಛೋಟ್‌ದಾ" ಎಂದು ಅವಳು ನಕ್ಕಳು. "ಹಸುವಿನ ಪಾಲಿನದ್ದೇ ಕೊಡು" ಎಂದು ಇವರು ಕೂತುಬಿಟ್ಟರು. ಆಗಲೇ ನನಗೆ ಅನುಮಾನ ಬಂದದ್ದು. ಪಾರಣೆಯ ಉಸಾಬರಿ ಉಪವಾಸ ಮಾಡಿದವರಿಗೆ ಅಲ್ಲವೇ?

ಕೇಳಿದೆ. ಮುಚ್ಚಿಡದೆ ಹೇಳಿದರು. ಆಪರೇಶನ್ನಿಗೆ ಮಲಗುವ ಮುಂಚೆ ಕೃಷ್ಣನಿಗೆ ಹರಕೆ ಹೊತ್ತಿದ್ದರಂತೆ: ನನಗೆ ಒಲೆ ಕೊಡು, ನಿನಗೆ ಏಕಾದಶಿ ಕೊಡ್ತೇನೆ. ಅವನು ಕೊಟ್ಟ, ಇವರು ಕೊಡುತ್ತಿದ್ದರು.

"ಉಪವಾಸ ಇರಲ್ರೀ ಭಟ್ರ, ಗುಳಿಗಿ ತಗೋತೀರಿಲ್ಲೋ?"

ಅವರು ಸೌಟನ್ನು ಒರೆಸತೊಡಗಿದರು.

"ಹುಚ್ಚ ಹಿಡದದೇನ್ರೀ ನಿಮಗ? ಔಷಧಕ್ಕ ದೋಷ ಇಲ್ಲಂತ ನಿಮ್ಮ ಶಾಸ್ತ್ರದಾಗ ಅದ ಅಂತೀರಲ್ಲ!"

"ಉಂಟು, ಯಾರಿಗೆ ಉಂಟು? ರೋಗಿಗೆ" ಎಂದರು. ಮಗುವಿಗೆ ತಿಳಿಸಿ ಹೇಳುವ ದನಿ. "ಮಾತ್ರೆ ತಿಂದ್ರೆ ನಾನು ರೋಗಿ. ರೋಗಿಯ ಏಕಾದಶಿ ಅಂದ್ರೆ ಅವಲಕ್ಕಿಯ ಏಕಾದಶಿಯೇ ಅಲ್ವಾ ಮಾರಾಯ್ರೆ? ಇಷ್ಟು ವರ್ಷ ಅವನ ಎದುರು ರೋಗಿ ಅಂತ ಹೇಳಿ ತಪ್ಪಿಸ್ಕೊಂಡದ್ದು ಸಾಕು. ಅವನು ಗುಣ ಮಾಡಿದ ಮೇಲೂ ರೋಗಿ ಅಂತ ಹೇಳಿದ್ರೆ, ನಾನು ಮಾಡಿದ್ದು ಎಂತ ಹಾಗಾದ್ರೆ ಅಂತ ಅವನು ಕೇಳುದಿಲ್ವಾ?"

ಕೂಗಾಡಿದೆ, ಡಾಕ್ಟರಿಗೆ ಫೋನು ಮಾಡುತ್ತೇನೆಂದು ಹೆದರಿಸಿದೆ. ಅಣ್ಣನಿಗೂ ಹೇಳಿದೆ. ಅಣ್ಣ ಕೇಳಿದಾಗ "ತಗೊಳ್ತೇನೆ ಅಣ್ಣ" ಎಂದು ಹೂಂಗುಟ್ಟಿದರು. ಅಣ್ಣನಿಗೂ ಒಳಗೊಳಗೇ ಹಿಗ್ಗು. ತಮ್ಮ ತನ್ನ ಪಕ್ಕದಲ್ಲಿ ಕೂತು ಗಂಡಸರ ಪಂಕ್ತಿಯಲ್ಲಿ ಪಾರಣೆ ಮಾಡುವುದನ್ನು ಕಾಣುವ ಭಾಗ್ಯ ಬಂದಿತ್ತಲ್ಲ, ಹೆಚ್ಚು ಕೆದಕಲಿಲ್ಲ. ಏಕಾದಶಿಗಳು ಒಂದರ ಹಿಂದೆ ಒಂದು ಏನೂ ಆಗದೆ ಕಳೆದವು. ಪ್ರತಿ ದ್ವಾದಶಿಗೂ ಸಣ್ಣ ಭಟ್ಟರು ನನ್ನ ಕಡೆ ಹುಬ್ಬು ಹಾರಿಸುತ್ತಿದ್ದರು: ನೋಡಿದಿರಾ?

ಆಮೇಲೆ ಜ್ಯೇಷ್ಠದ ಏಕಾದಶಿ ಬಂತು. ಕೋಲ್ಕತ್ತದ ಆ ಸೆಕೆ ಉಂಡವರಿಗೇ ಗೊತ್ತು. ಸುಮ್ಮನೆ ಕೂತರೂ ಮೈ ಕರಗುತ್ತದೆ. ಹೋಟೆಲು ಏಕಾದಶಿಗೆ ಮುಚ್ಚುವುದಿಲ್ಲ, ಗಿರಾಕಿಗಳೆಲ್ಲ ಬಂಗಾಳಿಗಳು. ಸಣ್ಣ ಭಟ್ಟರು ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದರು. ರುಚಿ ನೋಡುವ ಕೆಲಸ ಆ ದಿನ ಒಡಿಶಾದವನದು. ಬೆಳಿಗ್ಗೆ ನಾನು ತಿಂಡಿಗೆ ಹೋದಾಗ ತುಟಿ ಒಣಗಿ ಬಿಳಿಚಿಕೊಂಡಿತ್ತು. "ಒಂದು ಗುಟುಕು ನೀರರ ಕುಡೀರಿ" ಎಂದೆ. "ನಾಳೆ ಕುಡಿಯುವ. ನಾಳೆ ಅಗಸೆ ಪಲ್ಯ, ನೀವೂ ಬನ್ನಿ" ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅಷ್ಟೇ.

ಮುಂದೆ ಎಷ್ಟೋ ದಿನಗಳಾದ ಮೇಲೆ ಆಪರೇಶನ್ ಮಾಡಿದ ಡಾಕ್ಟರಿಗೆ ನಾನೇ ಫೋನು ಮಾಡಿ ಸಾವಿನ ಸುದ್ದಿಯನ್ನೂ ತಪ್ಪಿದ ಮಾತ್ರೆಗಳ ವಿಷಯವನ್ನೂ ತಿಳಿಸಿದೆ. ಆಪರೇಶನ್ ಆದ ಎಲ್ಲರಿಗೂ ಫಿಟ್ಸ್ ಪೂರ್ತಿ ನಿಲ್ಲುತ್ತದೆಂಬ ಖಾತ್ರಿ ತಾವು ಯಾರಿಗೂ ಕೊಡುವುದಿಲ್ಲ, ಮಾತ್ರೆ ತಪ್ಪಿದ್ದಕ್ಕೆ ಬಂತೇ, ಅಥವಾ ಹೇಗೂ ಬರುವುದಿತ್ತೇ, ಇನ್ನು ತಿಳಿಯುವ ದಾರಿಯಿಲ್ಲ ಎಂದರು. ಕೊನೆಗೆ, "ಉಪವಾಸದ ಬಗ್ಗೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಏನಾದರೂ ದಾರಿ ಹುಡುಕುತ್ತಿದ್ದೆವು" ಎಂದರು. ಒಳ್ಳೆಯ ಮನುಷ್ಯ. ಸಣ್ಣ ಭಟ್ಟರ ಕೃಷ್ಣನ ಲೆಕ್ಕವನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಫೋನು ಇಟ್ಟೆ. ಆ ಕೊನೆಯ ಸಂಶಯ ಇದೆಯಲ್ಲ, ಮಾತ್ರೆ ನುಂಗಿದ್ದರೂ ಹೀಗೇ ಆಗುತ್ತಿತ್ತೇನೋ ಎನ್ನುವುದು, ಅದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬದುಕುಳಿದವರು ದೂರುವುದಕ್ಕೂ ಒಂದು ಗಟ್ಟಿ ನೆಲ ಬೇಕು, ಅದೂ ಇಲ್ಲದೆ ಹೋಯಿತು.

ಆ ಏಕಾದಶಿಯ ಸಂಜೆ ನಾನು ಕಾಫಿಗೆ ಹೋದಾಗ ದೊಡ್ಡ ಭಟ್ಟರು ಜಪದ ಮಣೆಯಿಂದ ಆಗಷ್ಟೇ ಎದ್ದಿದ್ದರು. "ಊಟದ ಗಿರಾಕಿ ಕಳೆದ ಮೇಲೆ ಮಲಗಿದ್ದಾನೆ. ದೀಪ ಹಚ್ಚುವ ಹೊತ್ತಾಯ್ತು, ಸ್ವಲ್ಪ ಎಬ್ಬಿಸಿ ಮಾರಾಯ್ರೆ" ಎಂದರು. ಮೇಲಿನ ಕೋಣೆಗೆ ಹೋದೆ. ಫ್ಯಾನು ತಿರುಗುತ್ತಿತ್ತು. ಚಾಪೆಯ ಮೇಲೆ ಬೋರಲಾಗಿ ಮಲಗಿದ್ದರು, ಮುಖ ದಿಂಬಿನೊಳಗೆ ಹೂತಿತ್ತು. ಭುಜ ಮುಟ್ಟಿದೆ, ಆ ಸೆಕೆಯಲ್ಲಿ ಭುಜ ತಣ್ಣಗಿತ್ತು. ಮಗ್ಗುಲಾಗಿಸಿದಾಗ ಮುಖ ನೀಲಿಯಾಗಿತ್ತು, ನಾಲಿಗೆ ಕಚ್ಚಿ ಅಂಚಿನಲ್ಲಿ ರಕ್ತ ಒಣಗಿತ್ತು. ಫಿಟ್ಸ್ ನಿದ್ದೆಯಲ್ಲೇ ಬಂದು, ಯಾರಿಗೂ ಒಂದು ಸದ್ದೂ ಕೇಳದೆ ಮುಗಿದಿತ್ತು. ಇಡೀ ಆಯುಷ್ಯ ಅವರನ್ನು ಒಲೆಯಿಂದ ಕಾದೆವು, ಹೊಳೆಯಿಂದ ಕಾದೆವು, ಬಚ್ಚಲಿನ ಚಿಲಕದಿಂದ ಕಾದೆವು. ಹಾಸಿಗೆಯಿಂದ ಕಾಯಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನಾನು ಕೂಗಿದ್ದು ಕೇಳಿ ದೊಡ್ಡ ಭಟ್ಟರು ಬಂದರು. ಒಂದು ಸಲ ನೋಡಿದರು. ಕೆಳಗೆ ಓಡಿದರು, ದೇವರ ಮುಂದಿನ ತುಳಸಿಯ ನೀರನ್ನು ಉದ್ಧರಣೆಯ ಚಮಚದ ಸಮೇತ ತಂದರು. ಸಾಯುವವರ ಬಾಯಿಗೆ ಬಿಡುವ ನೀರು ಅದು, ಏಕಾದಶಿಯಾದರೂ ಬಿಡಬಹುದು. ತಮ್ಮನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಳ್ಳುವಾಗ ದಿಂಬಿನ ಪಕ್ಕದ ಪ್ಲಾಸ್ಟಿಕ್ ಡಬ್ಬಿ ಅವರ ಕೈಗೆ ತಗುಲಿತು. ನಿನ್ನೆ ದಶಮಿಯ ರಾತ್ರಿಯ ಮಾತ್ರೆ ಅಲ್ಲೇ ಇತ್ತು. ಇಂದಿನ ಬೆಳಗಿನದೂ ಅಲ್ಲೇ ಇತ್ತು.

ಅವರು ಅದನ್ನು ಎಷ್ಟು ಹೊತ್ತು ನೋಡಿದರೋ ನನಗೆ ತಿಳಿಯದು. ಆಮೇಲೆ ಮುಚ್ಚಳ ತೆಗೆದು, ಒಂದು ಮಾತ್ರೆಯನ್ನು ತಮ್ಮನ ನಾಲಿಗೆಯ ಮೇಲಿಟ್ಟು, ಉದ್ಧರಣೆಯಿಂದ ನೀರು ಬಿಟ್ಟರು. ನೀರು ಒಳಗೆ ಇಳಿಯಲಿಲ್ಲ, ಕೆನ್ನೆಯ ಮೇಲಿಂದ ಕಿವಿಗೆ ಹರಿಯಿತು. ಮತ್ತೆ ಬಿಟ್ಟರು. "ಭಟ್ರ, ಬಿಡ್ರಿ" ಎಂದು ಅವರ ಕೈ ಹಿಡಿಯಲು ಹೋದೆ, ನನ್ನನ್ನು ನೂಕಿದರು. ತಮ್ಮನ ಗಲ್ಲ ಹಿಡಿದು ತಮ್ಮ ಮನೆಯ ತುಳುವಿನಲ್ಲಿ ಹೇಳುತ್ತಲೇ ಇದ್ದರು. ಅಷ್ಟು ತುಳು ನನಗೆ ಬರುತ್ತಿತ್ತು.

"ನುಂಗು ಮಗಾ. ನಿನ್ನ ಏಕಾದಶಿ ನಾನು ಮಾಡ್ತೇನೆ. ನೀನು ನುಂಗು."